ಕಾರಿಗೆ ಕಂಪ್ಯೂಟರ್ ಕೂರಿಸುವ ಹುಡುಗರ ಮನೆಯವರಿಗೆ

ನಮ್ಮ ಊರಿನ ಮನೆಗಳಿಗೆ ಕಾರು ಬಂದ ವಾರದೊಳಗೆ ಒಂದು ಮಾತು ಏಳುತ್ತದೆ: "ಸೆಟ್ ಚೇಂಜ್ ಮಾಡಬೇಕು." ಕಾರು ಹೊಸತೇ ಇರಲಿ, ಸೆಕೆಂಡ್ ಹ್ಯಾಂಡ್ ಆಲ್ಟೋ ಇರಲಿ, ಮನೆಯ ಹುಡುಗನಿಗೆ ಅದರಲ್ಲಿರುವುದು ಸಾಲದು. ದೊಡ್ಡ ಸ್ಕ್ರೀನ್ ಬೇಕು, ರಿವರ್ಸ್ ಕ್ಯಾಮೆರಾ ಬೇಕು, ಮ್ಯಾಪ್ ಬೇಕು. ಗಲ್ಫಿನಲ್ಲಿರುವ ಉಪ್ಪ ಫೋನಿನಲ್ಲಿ "ಅದೆಲ್ಲ ಎಂತಕ್ಕೆ?" ಎಂದು ಗದರುತ್ತಾರೆ. ಉಮ್ಮ ನಡುವೆ ನಿಂತು ರಾಜಿ ಮಾಡಿಸುತ್ತಾರೆ. ಕೊನೆಗೆ ಅಂಗಡಿಗೆ ದುಡ್ಡು ಸುರಿದು ಒಂದು ಪೆಟ್ಟಿಗೆ ಕೂರಿಸಿಕೊಂಡು ಬರುವುದು ಮಾಮೂಲು.

ಆದರೆ ಇನ್ನೊಂದು ಬಗೆಯ ಹುಡುಗರೂ ಇದ್ದಾರೆ. ಅವರಿಗೆ ಪೆಟ್ಟಿಗೆಗಿಂತ ಅದರ ಒಳಗೆ ಏನುಂಟು ಎನ್ನುವುದೇ ಮುಖ್ಯ. ಡ್ಯಾಶ್‌ಬೋರ್ಡ್ ಬಿಚ್ಚಿ ವೈರು ಹುಡುಕುತ್ತಾರೆ, ಮನೆಯಲ್ಲಿ ಬಿದ್ದಿರುವ ಹಳೆ ಮೊಬೈಲನ್ನು ಬಿಡಿಸಿ ನೋಡುತ್ತಾರೆ. ಪುತ್ತೂರು, ಸುಳ್ಯ, ಕಡಬ ಕಡೆ ಇಂತಹ ಹುಡುಗರಿಗೆ ಮನೆಯಲ್ಲಿ ಸಿಗುವ ಬಿರುದು "ಹಾಳು ಮಾಡುವವನು." ಕಾರಿಗೆ ತಾನೇ ಒಂದು ಕಂಪ್ಯೂಟರ್ ಕೂರಿಸಬೇಕು ಎಂದು ಆತ ಹೊರಟರೆ ಮನೆಯವರು ಹೆದರುವುದು ಸಹಜ. ಹೆದರಿಕೆಗೆ ಕಾರಣವೂ ಇದೆ. ಆದರೆ ಬೇಡ ಎನ್ನುವ ಮೊದಲು ಆ ಕೆಲಸ ಎಂತದ್ದು, ಯಾವುದಕ್ಕೆ ಕೈ ಹಾಕಬಹುದು, ಯಾವುದಕ್ಕೆ ಹಾಕಲೇಬಾರದು ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಹಳೆಯ ಹವ್ಯಾಸ, ಹೊಸ ಸಾಮಾನು

ಕಾರಿನಲ್ಲಿ ಕಂಪ್ಯೂಟರ್ ಎನ್ನುವುದು ನಿನ್ನೆ ಮೊನ್ನೆಯ ಆಲೋಚನೆಯಲ್ಲ. 1998ರ ಕೊನೆಗೆ ಜಪಾನಿನ ಕ್ಲಾರಿಯನ್ ಕಂಪನಿ ಅಮೆರಿಕದಲ್ಲಿ 'ಆಟೋ ಪಿಸಿ' ಎನ್ನುವ ಸೆಟ್ಟನ್ನು ಮಾರಾಟಕ್ಕೆ ತಂದಿತು. ಬೆಲೆ ಸುಮಾರು 1,300 ಡಾಲರ್. ಮಾತಿನಲ್ಲಿ ಆಜ್ಞೆ ಕೊಟ್ಟರೆ ಕೇಳುತ್ತಿತ್ತು, ದಾರಿ ಹೇಳುತ್ತಿತ್ತು. ಅಷ್ಟು ದುಡ್ಡಿಗೆ ಕೊಳ್ಳುವವರು ಕಡಿಮೆ. ಅದರ ನಂತರದ ವರ್ಷಗಳಲ್ಲಿ ತೈವಾನಿನ ವಿಯಾ ಕಂಪನಿ 17 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಸಣ್ಣ ಮದರ್‌ಬೋರ್ಡ್ ತಯಾರಿಸಿದ ಮೇಲೆ ಹವ್ಯಾಸಿಗಳಿಗೆ ದಾರಿ ತೆರೆಯಿತು. ಸೀಟಿನ ಅಡಿಯಲ್ಲಿ ಕಂಪ್ಯೂಟರ್, ಮುಂದೆ ಏಳು ಇಂಚಿನ ಟಚ್ ಸ್ಕ್ರೀನ್. ಆಗ ನಮ್ಮಲ್ಲಿ ಮಾರುತಿ 800, ಓಮ್ನಿ, ಜೀಪುಗಳ ಕಾಲ. ಗಲ್ಫಿನಿಂದ ತಂದ ಸ್ಟೀರಿಯೋ ಕಾರಿನಲ್ಲಿದ್ದರೆ ಅದೇ ದೊಡ್ಡ ವಿಷಯ.

2012ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ರಾಸ್‌ಬೆರಿ ಪೈ ಬಂತು. ಶಾಲೆಯ ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಎಂದು ಮಾಡಿದ, ಎಟಿಎಂ ಕಾರ್ಡಿನಷ್ಟೇ ಗಾತ್ರದ ಕಂಪ್ಯೂಟರ್. ಅದರ ಸಾಫ್ಟ್‌ವೇರ್ ಉಚಿತ. ಕನ್ನಡ ಅಕ್ಷರ ಅದರಲ್ಲಿ ಚೆನ್ನಾಗಿಯೇ ಮೂಡುತ್ತದೆ, ಹಾಗಾಗಿ ಕನ್ನಡ ಲಿಪಿಯಲ್ಲಿ ಬರೆಯುವ ನಮ್ಮ ಬ್ಯಾರಿ ಭಾಷೆಯೂ ಮೂಡುತ್ತದೆ. ಇದು ಬಂದ ಮೇಲೆ ಕಾರಿನ ಕಂಪ್ಯೂಟರ್ ಎನ್ನುವುದು ಶ್ರೀಮಂತರ ಆಟವಾಗಿ ಉಳಿಯಲಿಲ್ಲ. ಇದೂ ದುಬಾರಿ ಎನಿಸಿದರೆ ಮನೆಯಲ್ಲಿ ಮೂಲೆಗೆ ಬಿದ್ದಿರುವ ಆಂಡ್ರಾಯ್ಡ್ ಟ್ಯಾಬ್ ಒಂದರಿಂದಲೇ ಶುರು ಮಾಡಬಹುದು.

ಕೈಯಾರೆ ಕಟ್ಟುವ ಗುಣ ಈ ನೆಲಕ್ಕೆ ಹೊಸತಲ್ಲ. ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ಅಂತಹ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರು. ಊರಿಗೆ ಬೇಕಾದದ್ದನ್ನು ಊರಿನಲ್ಲೇ ಮಾಡಿಕೊಳ್ಳಬಹುದು ಎಂದು ಹುಡುಗರಿಗೆ ತೋರಿಸಲು ದೂರ ಹೋಗಬೇಕಾಗಿಲ್ಲ.

ಕಾರಿನಲ್ಲಿ ಕಂಪ್ಯೂಟರ್ ಈಗಾಗಲೇ ಉಂಟು

ಹೆಚ್ಚಿನ ಮನೆಗಳಲ್ಲಿ ಗೊತ್ತಿಲ್ಲದ ಒಂದು ವಿಷಯ ಇದೆ. ಕಾರ್ಬುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂದ ದಿನದಿಂದಲೇ ಕಾರಿನೊಳಗೆ ಕಂಪ್ಯೂಟರ್ ಇದೆ. ಎಷ್ಟು ಪೆಟ್ರೋಲ್ ಹೋಗಬೇಕು, ಯಾವಾಗ ಕಿಡಿ ಹೊತ್ತಬೇಕು ಎಂದು ತೀರ್ಮಾನಿಸುವ 'ಇಸಿಯು' ಪೆಟ್ಟಿಗೆ ಅದು. ಕಾರಿನ ಬೇರೆ ಬೇರೆ ಪೆಟ್ಟಿಗೆಗಳು ಎರಡೇ ವೈರುಗಳ ಮೇಲೆ ಪರಸ್ಪರ ಮಾತಾಡುವ 'ಕ್ಯಾನ್' ವ್ಯವಸ್ಥೆಯನ್ನು ಜರ್ಮನಿಯ ಬಾಷ್ ಕಂಪನಿ 1986ರಲ್ಲೇ ತಂದಿತ್ತು. 2020ರ ಎಪ್ರಿಲಿನಿಂದ ಬಿಎಸ್-6 ಬಂದ ಮೇಲೆ ಕಾರುಗಳಲ್ಲಿ ಸೆನ್ಸರುಗಳು ಇನ್ನೂ ಹೆಚ್ಚಿವೆ. ಹಳೆಯ ಗ್ಯಾರೇಜ್ ಕಾಕನ ಕಿವಿಗೆ ಇಂಜಿನ್ ಸದ್ದು ಕೇಳಿದರೆ ಸಾಕಿತ್ತು, ರೋಗ ತಿಳಿಯುತ್ತಿತ್ತು. ಈಗ ಕಿವಿಯ ಜೊತೆ ಸ್ಕ್ಯಾನರ್ ಕೂಡ ಬೇಕು.

ಸ್ಟಿಯರಿಂಗ್ ಕೆಳಗೆ, ಕಾಲಿನ ಮೇಲ್ಭಾಗದಲ್ಲಿ ಕೈ ಹಾಕಿ ನೋಡಿದರೆ 16 ತೂತುಗಳ ಒಂದು ಸಾಕೆಟ್ ಸಿಗುತ್ತದೆ. ಅದೇ 'ಒಬಿಡಿ' ಪೋರ್ಟ್. ಅಮೆರಿಕದಲ್ಲಿ 1996ರಿಂದ ಕಡ್ಡಾಯ. ನಮ್ಮಲ್ಲಿ ಬಿಎಸ್-4ರ ಕಾಲದಿಂದ ಸಾಮಾನ್ಯವಾಯಿತು. ಇದಕ್ಕೆ ಚುಚ್ಚುವ ಬ್ಲೂಟೂತ್ ಅಡಾಪ್ಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅದರ ಮೂಲಕ ನಮ್ಮ ಸಣ್ಣ ಕಂಪ್ಯೂಟರ್ ಕಾರಿನ ದೊಡ್ಡ ಕಂಪ್ಯೂಟರಿಗೆ ಪ್ರಶ್ನೆ ಕೇಳಬಹುದು. ಇಂಜಿನ್ ನೀರಿನ ಬಿಸಿ ಎಷ್ಟು ಎಂದು ಕೇಳಿದರೆ ಒಂದು ಸಂಖ್ಯೆ ಬರುತ್ತದೆ, ಅದರಿಂದ 40 ಕಳೆದರೆ ಸೆಲ್ಸಿಯಸ್. 130 ಬಂದರೆ 90 ಡಿಗ್ರಿ ಎಂದರ್ಥ. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ಕೇಳಿದರೆ ಎರಡು ಸಂಖ್ಯೆ ಬರುತ್ತವೆ. ಮೊದಲನೆಯದನ್ನು 256ರಿಂದ ಗುಣಿಸಿ, ಎರಡನೆಯದನ್ನು ಕೂಡಿಸಿ, ನಾಲ್ಕರಿಂದ ಭಾಗಿಸಿದರೆ ಉತ್ತರ. ಶಾಲೆಯಲ್ಲಿ ಲೆಕ್ಕ ಎಂದರೆ ಓಡುವ ಹುಡುಗ ಈ ಲೆಕ್ಕವನ್ನು ಯಾರೂ ಹೇಳದೆ ಮಾಡುತ್ತಾನೆ.

ಸಂಪಾಜೆ ಘಾಟಿ ಹತ್ತುವಾಗ ಇದರ ಬೆಲೆ ತಿಳಿಯುತ್ತದೆ. ಹೊಸ ಕಾರುಗಳಲ್ಲಿ ಕೆಲವಕ್ಕೆ ನೀರಿನ ಬಿಸಿ ತೋರಿಸುವ ಮುಳ್ಳೇ ಇಲ್ಲ, ಕೆಂಪು ದೀಪ ಮಾತ್ರ. ದೀಪ ಹೊತ್ತುವಾಗ ತಡವಾಗಿರಬಹುದು. ಸ್ಕ್ರೀನಿನಲ್ಲಿ ಬಿಸಿ 90, 95, 102, 108 ಎಂದು ಏರುತ್ತಾ ಹೋಗುವುದು ಕಂಡರೆ ಏಸಿ ಆಫ್ ಮಾಡಿ, ಜಾಗ ನೋಡಿ ನಿಲ್ಲಿಸಿ, ಇಂಜಿನ್ ಉಳಿಸಿಕೊಳ್ಳಬಹುದು. ಬಿಸಿ ಇಳಿಯುವ ಮೊದಲು ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ಕೈ ಹಾಕಬಾರದು.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ

ನಮ್ಮಲ್ಲಿ ಹೆಚ್ಚಿನ ಮನೆಗಳಿಗೆ ಮೊದಲು ಬರುವುದು ಹಳೆಯ ಕಾರೇ. ಗಲ್ಫಿನ ಒಂದೆರಡು ವರ್ಷದ ಉಳಿತಾಯ ಅಥವಾ ಅಡಿಕೆಯ ಒಂದು ವರ್ಷದ ದುಡ್ಡು ಅದರಲ್ಲಿ ಹೋಗಿರುತ್ತದೆ. ನೋಡಲು ಹೋದ ದಿನ ಕಾರು ಪಳಪಳ ಹೊಳೆಯುತ್ತದೆ, ಚೆಕ್ ಇಂಜಿನ್ ದೀಪ ಆರಿರುತ್ತದೆ. ಮನೆಗೆ ತಂದ ಎರಡನೇ ವಾರ ಅದೇ ದೀಪ ಉರಿಯುತ್ತದೆ.

ಇಲ್ಲಿ ಮನೆಯ ಹುಡುಗನ ಹವ್ಯಾಸ ಮನೆಯ ದುಡ್ಡು ಉಳಿಸಬಹುದು. ಸ್ಕ್ಯಾನರಿನಿಂದ ದೋಷದ ಕೋಡ್‌ಗಳನ್ನು ಅಳಿಸಿ ದೀಪ ಆರಿಸುವುದು ಒಂದು ನಿಮಿಷದ ಕೆಲಸ. ಆದರೆ ಅಳಿಸಿದ ಗುರುತು ಉಳಿಯುತ್ತದೆ. ಕೋಡ್ ಅಳಿಸಿದ ಮೇಲೆ ಕಾರು ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟು ಸಲ ಇಂಜಿನ್ ಬಿಸಿಯಾಗಿದೆ ಎಂಬ ಲೆಕ್ಕವನ್ನು ಬಹಳಷ್ಟು ಕಾರುಗಳ ಇಸಿಯು ಇಟ್ಟುಕೊಳ್ಳುತ್ತದೆ. ಒಬಿಡಿ ಮೂಲಕ ಕೇಳಿದರೆ ಹೇಳುತ್ತದೆ. "ಆರು ತಿಂಗಳಿಂದ ಯಾವ ಕಂಪ್ಲೇಂಟೂ ಇಲ್ಲ" ಎಂದು ಹೇಳುವ ಕಾರಿನಲ್ಲಿ "ಅಳಿಸಿ 12 ಕಿಲೋಮೀಟರ್" ಎಂದು ಕಂಡರೆ, ಯಾಕೆ ಅಳಿಸಿದ್ದು ಎಂದು ಕೇಳುವ ಹಕ್ಕು ಕೊಳ್ಳುವವನಿಗಿದೆ. ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಕೆಲವು ಪರೀಕ್ಷೆಗಳೂ ಇವೆ. ಅವು ಇನ್ನೂ ಮುಗಿದಿಲ್ಲ ಎಂದು ತೋರಿಸಿದರೂ ಅದೇ ಅನುಮಾನ. ಬ್ಯಾಟರಿ ಬದಲಿಸಿದ್ದರೂ ಹಾಗೆ ಆಗಬಹುದು, ಆದ್ದರಿಂದ ಮೊದಲು ಕೇಳಬೇಕು, ಆಮೇಲೆ ತೀರ್ಮಾನಿಸಬೇಕು.

ಮಾರುವವರಿಗೂ ಈ ಮಾತು ಅನ್ವಯಿಸುತ್ತದೆ. ದೋಷ ಮುಚ್ಚಿ ಮಾರುವುದು ನಮ್ಮ ದೀನಿನಲ್ಲಿ ಎಂತಹ ತಪ್ಪು ಎಂದು ಮದ್ರಸದ ಮಕ್ಕಳಿಗೂ ಗೊತ್ತು. ವ್ಯಾಪಾರದಿಂದಲೇ ಹೆಸರಾದ ಸಮುದಾಯದಲ್ಲಿ ಸ್ಕ್ಯಾನ್ ಮಾಡಿ ತೋರಿಸಿಯೇ ಮಾರುವವನ ಮೇಲೆ ಜನರ ನಂಬಿಕೆ ತಾನಾಗಿ ಬೆಳೆಯುತ್ತದೆ.

ಮುಕ್ಕಾಲು ಕೆಲಸ ಮನೆಯ ಮೇಜಿನ ಮೇಲೆ

ಕಂಪ್ಯೂಟರ್ ಕೂರಿಸುವುದು ಎಂದರೆ ಮೊದಲ ದಿನವೇ ಡ್ಯಾಶ್‌ಬೋರ್ಡ್ ಕೀಳುವುದಲ್ಲ. ಮುಕ್ಕಾಲು ಪಾಲು ಕೆಲಸ ಮೇಜಿನ ಮೇಲೆಯೇ ನಡೆಯಬೇಕು. ಸ್ಕ್ರೀನ್ ಜೋಡಿಸುವುದು, ಸಾಫ್ಟ್‌ವೇರ್ ಹಾಕುವುದು, ಪೈಥಾನ್ ಭಾಷೆಯಲ್ಲಿ ನಾಲ್ಕು ಸಾಲು ಬರೆದು ನೋಡುವುದು, ಹಾಡು ಮತ್ತು ಮ್ಯಾಪ್ ತುಂಬಿಸುವುದು. ಇದಕ್ಕೆ ಕಾರೂ ಬೇಡ, ಲೈಸೆನ್ಸೂ ಬೇಡ. ಹಾಗಾಗಿ ಇದು ಗಂಡುಮಕ್ಕಳ ಕೆಲಸ ಮಾತ್ರ ಎಂದು ತಿಳಿಯಬೇಕಾಗಿಲ್ಲ. ಡಿಪ್ಲೊಮಾ ಅಥವಾ ಇಂಜಿನಿಯರಿಂಗ್ ಓದುವ ಮಗಳು ಮನೆಯಲ್ಲಿದ್ದರೆ ಅಣ್ಣನಿಗಿಂತ ಚೆನ್ನಾಗಿ ಮಾಡಿಯಾಳು.

ಕಷ್ಟದ ಭಾಗ ಕರೆಂಟು. ಕಾರಿನ ಬ್ಯಾಟರಿ 12 ವೋಲ್ಟ್ ಎನ್ನುತ್ತೇವೆ, ಆದರೆ ಅದು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಪೂರ್ತಿ ಚಾರ್ಜ್ ಇದ್ದಾಗ 12.6, ಇಂಜಿನ್ ಓಡುವಾಗ 14ರ ಆಸುಪಾಸು, ಸ್ಟಾರ್ಟ್ ಮಾಡುವ ಕ್ಷಣದಲ್ಲಿ 10ಕ್ಕಿಂತಲೂ ಕೆಳಗೆ. ರಾಸ್‌ಬೆರಿ ಪೈ 4ಕ್ಕೆ ಬೇಕಾದದ್ದು 5 ವೋಲ್ಟ್, 3 ಆಂಪಿಯರ್. ನಡುವೆ ಒಂದು ಕನ್ವರ್ಟರ್ ಬೇಕು. ಇಲ್ಲಿ ಅಗ್ಗದ್ದನ್ನು ಹುಡುಕಬಾರದು. 8ರಿಂದ 30 ವೋಲ್ಟಿನವರೆಗೂ ತಾಳಿಕೊಳ್ಳುವ, ವಾಹನಕ್ಕೆಂದೇ ಮಾಡಿದ ಕನ್ವರ್ಟರ್ ಬೇಕು. ಇಲ್ಲದಿದ್ದರೆ ಪ್ರತಿ ಸಲ ಕೀ ತಿರುಗಿಸುವಾಗ ಕಂಪ್ಯೂಟರ್ ಸತ್ತು ಹುಟ್ಟುತ್ತದೆ.

ಸೆಟ್ಟಿನ ಹಿಂದೆ ಸಾಮಾನ್ಯವಾಗಿ ಮೂರು ಮುಖ್ಯ ವೈರುಗಳು. ಹಳದಿ ಯಾವಾಗಲೂ ಕರೆಂಟ್ ಇರುವುದು, ಕೆಂಪು ಕೀ ತಿರುಗಿಸಿದಾಗ ಮಾತ್ರ ಬರುವುದು, ಕಪ್ಪು ಅರ್ಥ್. ಹೊರಗಿನ ಸೆಟ್ಟುಗಳ ಬಣ್ಣ ಹೀಗೆ. ಕಂಪನಿಯ ವೈರಿಂಗಿನಲ್ಲಿ ಬಣ್ಣ ಬೇರೆ ಇರಬಹುದು, ಮೀಟರ್ ಇಟ್ಟು ನೋಡದೆ ನಂಬಬಾರದು. ಕೆಂಪು ವೈರಿಗೆ ನೇರ ಜೋಡಿಸಿದರೆ ಕೀ ತೆಗೆದ ಕೂಡಲೇ ಕಂಪ್ಯೂಟರಿನ ಕರೆಂಟು ಹೋಗಿ ಮೆಮೊರಿ ಕಾರ್ಡ್ ಒಂದು ದಿನ ಕೆಡುತ್ತದೆ. ಹಳದಿಗೆ ನೇರ ಜೋಡಿಸಿದರೆ ಬ್ಯಾಟರಿ ಬರಿದಾಗುತ್ತದೆ. ಲೆಕ್ಕ ಹಾಕಿ: ಸುಮ್ಮನೆ ಹೊತ್ತಿಕೊಂಡಿರುವ ಕಂಪ್ಯೂಟರ್ 5 ವಾಟ್ ತಿಂದರೂ ಗಂಟೆಗೆ 0.4 ಆಂಪಿಯರ್. ದಿನಕ್ಕೆ ಸುಮಾರು 10. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್. ಜುಮಾ ಮುಗಿಸಿ ಬಂದು ನಿಲ್ಲಿಸಿದ ಕಾರು ಭಾನುವಾರ ಮದುವೆಗೆ ಹೊರಡುವಾಗ ಅಲುಗಾಡದೆ ನಿಂತೀತು. ಸರಿಯಾದ ದಾರಿ ಎಂದರೆ ಕರೆಂಟನ್ನು ಹಳದಿಯಿಂದ ಟೈಮರ್ ರಿಲೇ ಮೂಲಕ ಕೊಡುವುದು, ಕೆಂಪು ವೈರನ್ನು ಸೂಚನೆಗೆ ಮಾತ್ರ ಬಳಸುವುದು. ಕೀ ತೆಗೆದದ್ದು ಗೊತ್ತಾದ ಕೂಡಲೇ ಕಂಪ್ಯೂಟರ್ ತಾನೇ ಶಟ್‌ಡೌನ್ ಆಗಬೇಕು, ಅರ್ಧ ಒಂದು ನಿಮಿಷದಲ್ಲಿ ರಿಲೇ ಕರೆಂಟು ಕಡಿಯಬೇಕು. ಪೈಯ ಪಿನ್ನುಗಳು ತಾಳುವುದು 3.3 ವೋಲ್ಟ್ ಮಾತ್ರ. 12 ವೋಲ್ಟಿನ ವೈರನ್ನು ನೇರ ಮುಟ್ಟಿಸಿದರೆ ಅಲ್ಲಿಗೆ ಮುಗಿಯಿತು.

ಶಬ್ದಕ್ಕೆ ಕಂಪನಿಯ ಸೆಟ್ಟನ್ನು ಕಿತ್ತು ಹಾಕಬೇಕಾಗಿಲ್ಲ. ಆಕ್ಸ್ ಸಾಕೆಟ್ ಇದ್ದರೆ ಕಂಪ್ಯೂಟರಿನ ಶಬ್ದವನ್ನು ಅಲ್ಲಿಂದ ಕೊಡಬಹುದು. ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರಿನಲ್ಲಿ 'ಕುಯ್ಯೋ' ಎಂಬ ಸದ್ದು ಏರಿದರೆ ಅದು ಅರ್ಥಿಂಗ್ ದೋಷ. ಎಲ್ಲವನ್ನೂ ಒಂದೇ ಜಾಗದಲ್ಲಿ ಅರ್ಥ್ ಮಾಡಿದರೆ ಹೆಚ್ಚಾಗಿ ಹೋಗುತ್ತದೆ.

ಬಿಸಿಲು, ಮಳೆ, ಇಲಿ

ಹೊರದೇಶದವರು ಬರೆದ ಸೂಚನೆಗಳಲ್ಲಿ ನಮ್ಮ ಊರಿನ ಮೂರು ಶತ್ರುಗಳ ಮಾತು ಸಾಮಾನ್ಯವಾಗಿ ಇರುವುದಿಲ್ಲ. ಎಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 60 ಡಿಗ್ರಿ ದಾಟಬಹುದು. ಪೈ ತನ್ನ ಬಿಸಿ 80 ಡಿಗ್ರಿ ತಲುಪಿದರೆ ತಾನೇ ನಿಧಾನವಾಗುತ್ತದೆ. ಅದನ್ನು ಡ್ಯಾಶ್‌ಬೋರ್ಡ್ ಮೇಲೆ ಇಡದೆ ಗ್ಲೋವ್ ಬಾಕ್ಸ್ ಹಿಂದೆ ಅಥವಾ ಸೀಟಿನ ಅಡಿಯಲ್ಲಿ ಗಾಳಿ ಆಡುವಂತೆ ಇಡಬೇಕು. ಪವರ್ ಬ್ಯಾಂಕ್ ಅಥವಾ ಲಿಥಿಯಂ ಬ್ಯಾಟರಿಯನ್ನು ಬಿಸಿಲಿನ ಕಾರಿನಲ್ಲಿ ಬಿಡಲೇಬಾರದು. ಬೆಂಕಿ ಹಿಡಿಯುವ ಅಪಾಯವಿದೆ. ಹಳೆ ಟ್ಯಾಬ್ ಬಳಸುವವರು ಇಳಿಯುವಾಗ ಅದನ್ನು ತೆಗೆದುಕೊಂಡೇ ಹೋಗಬೇಕು.

ಜೂನ್ ಬಂತೆಂದರೆ ತೇವ. ಸೀಟಿನ ಅಡಿಯ ಕಾರ್ಪೆಟ್ ಒದ್ದೆಯಾಗುವ ಕಾರಿನಲ್ಲಿ ಕಂಪ್ಯೂಟರನ್ನು ನೆಲಕ್ಕೆ ಇಡಬಾರದು. ಕೈಯಲ್ಲಿ ತಿರುಚಿ ಟೇಪ್ ಸುತ್ತಿದ ಜೋಡಣೆ ಒಂದು ಮಳೆಗಾಲದಲ್ಲಿ ಹಸಿರು ಹಿಡಿಯುತ್ತದೆ. ಬೆಸುಗೆ ಹಾಕಿ ಹೀಟ್ ಶ್ರಿಂಕ್ ಟ್ಯೂಬ್ ಏರಿಸಬೇಕು, ಇಲ್ಲವೇ ಸರಿಯಾದ ಕಪ್ಲರ್ ಬಳಸಬೇಕು. ಇನ್ನು ಇಲಿ. ತೋಟದ ನಡುವಿನ ಮನೆಗಳಲ್ಲಿ ಕಾರಿನ ವೈರು ಕಡಿಯುವುದು ಎಲ್ಲರಿಗೂ ಗೊತ್ತಿರುವ ಕಥೆ. ಹೊಸದಾಗಿ ಎಳೆದ ವೈರಿಗೆ ಪ್ಲಾಸ್ಟಿಕ್ ಕೊಳವೆ ತೊಡಿಸುವುದು ಮತ್ತು ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕುವುದು ಬಿಡಬಾರದು. ಕಡಿದ ವೈರು ಬಾಡಿಗೆ ತಾಗಿದಾಗ ಕಾರನ್ನು ಉಳಿಸುವುದು ಆ ಫ್ಯೂಸ್ ಮಾತ್ರ. ಈ ಕಂಪ್ಯೂಟರಿಗೆ 3 ಆಂಪಿಯರ್ ಫ್ಯೂಸ್ ಸಾಕು. ಸುಟ್ಟುಹೋಯಿತೆಂದು 20 ಆಂಪಿಯರಿನದ್ದು ಹಾಕುವವರು ಇದ್ದಾರೆ, ಅದು ಬೆಂಕಿಗೆ ದಾರಿ ಬಿಟ್ಟಂತೆ.

ಸಿಗ್ನಲ್ ಇಲ್ಲದ ದಾರಿಯಲ್ಲಿ

ಶಿರಾಡಿ, ಸಂಪಾಜೆ, ಬಿಸಿಲೆ ಕಡೆಯ ದಾರಿಗಳಲ್ಲಿ ಮೊಬೈಲ್ ಸಿಗ್ನಲ್ ಬಂದು ಹೋಗುವುದು ಗೊತ್ತಿರುವುದೇ. ಸಿಗ್ನಲ್ ಹೋದರೆ ಫೋನಿನ ಮ್ಯಾಪ್ ಬರಿದಾಗುವುದುಂಟು. ಆದರೆ ಜಿಪಿಎಸ್‌ಗೆ ಇಂಟರ್ನೆಟ್ ಬೇಡ, ಆಕಾಶ ಕಂಡರೆ ಸಾಕು. ಓಪನ್‌ಸ್ಟ್ರೀಟ್‌ಮ್ಯಾಪಿನ ನಕ್ಷೆಯನ್ನು ಮೊದಲೇ ಇಳಿಸಿಟ್ಟರೆ ಇಡೀ ಕರ್ನಾಟಕ, ಕೇರಳ ಒಂದು ಮೆಮೊರಿ ಕಾರ್ಡಿನಲ್ಲಿ ಕೂರುತ್ತದೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಭೂಕುಸಿತದಿಂದ ಮಡಿಕೇರಿ ದಾರಿ ಕಡಿದುಹೋದಾಗ ಬೇರೆ ದಾರಿ ಹುಡುಕಿದವರಿಗೆ ಇಂತಹ ನಕ್ಷೆಯ ಉಪಯೋಗ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಜಿಪಿಎಸ್‌ನಿಂದ ನಮಾಝಿನ ಸಮಯವನ್ನೂ ಲೆಕ್ಕ ಹಾಕಬಹುದು. ಸಮಯ ಎನ್ನುವುದು ಸೂರ್ಯನ ಕೋನದ ಲೆಕ್ಕ. ಪೂರ್ವಕ್ಕೆ ಒಂದು ಡಿಗ್ರಿ ಹೋದರೆ ನಾಲ್ಕು ನಿಮಿಷ ಮೊದಲು. ಸುಳ್ಯ ಮಂಗಳೂರಿಗಿಂತ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ಪೂರ್ವಕ್ಕಿದೆ, ಆದ್ದರಿಂದ ಅಲ್ಲಿ ಮಗ್ರಿಬ್ ಸುಮಾರು ಎರಡು ನಿಮಿಷ ಮೊದಲು. ಪುತ್ತೂರಿನಿಂದ ಕಿಬ್ಲಾ ನೇರ ಪಶ್ಚಿಮವಲ್ಲ, ಸುಮಾರು 19 ಡಿಗ್ರಿ ಉತ್ತರಕ್ಕೆ ವಾಲಿದೆ. ಊರಿನಲ್ಲಿ ಮಸೀದಿಯ ವೇಳಾಪಟ್ಟಿಯೇ ನಮಗೆ ಪ್ರಮಾಣ. ಆದರೆ ರಾತ್ರಿ ಬೆಂಗಳೂರಿಗೆ ಹೊರಟು ಸುಬಹಿಗೆ ಯಾವುದೋ ಪೆಟ್ರೋಲ್ ಬಂಕಿನ ಬಳಿ ನಿಂತವನಿಗೆ ಇದು ಉಪಕಾರಿ. ಇದರ ಪ್ರೋಗ್ರಾಮನ್ನು ಹುಡುಗ ತಾನೇ ಬರೆಯಬಹುದು, ಲೆಕ್ಕ ಪಿಯುಸಿಯ ತ್ರಿಕೋನಮಿತಿಗಿಂತ ಹೆಚ್ಚಿನದಲ್ಲ.

ಇಷ್ಟಕ್ಕೆ ಕೈ ಹಾಕಬಾರದು

ಮನೆಯವರು ಗಟ್ಟಿಯಾಗಿ ನಿಲ್ಲಬೇಕಾದ ಜಾಗ ಇದು. ಹಳದಿ ಕವಚದ, ಹಳದಿ ಕನೆಕ್ಟರಿನ ಏರ್‌ಬ್ಯಾಗ್ ವೈರನ್ನು ಮುಟ್ಟಬಾರದು, ಮೀಟರ್ ಕೂಡ ಇಡಬಾರದು. ಏರ್‌ಬ್ಯಾಗ್ ಇರುವ ಮುಚ್ಚಳದ ಮೇಲೆ ಸ್ಕ್ರೀನ್ ಅಂಟಿಸಬಾರದು. ಅದು ಸಿಡಿದಾಗ ಸ್ಕ್ರೀನ್ ಮುಖಕ್ಕೆ ಬರುತ್ತದೆ. ಸ್ಟಿಯರಿಂಗ್, ಬ್ರೇಕ್, ಎಬಿಎಸ್ ವೈರುಗಳ ಹತ್ತಿರ ಹೋಗಬಾರದು. ಒಬಿಡಿಯಿಂದ ಓದುವುದು ಮಾತ್ರ, ಇಸಿಯುವಿನ ಒಳಗೆ ಏನನ್ನೂ ಬರೆಯಬಾರದು. ಅಗ್ಗದ ಅಡಾಪ್ಟರನ್ನು ಕೆಲಸ ಮುಗಿದ ಮೇಲೆ ತೆಗೆದಿಡಬೇಕು. ಅದು ಬ್ಯಾಟರಿ ಕುಡಿಯುತ್ತದೆ, ಹೆಚ್ಚಿನವುಗಳ ಪಾಸ್‌ವರ್ಡ್ 1234 ಆಗಿರುವುದರಿಂದ ಪಕ್ಕದಲ್ಲಿ ನಿಂತವನೂ ಅದಕ್ಕೆ ಸೇರಿಕೊಳ್ಳಬಹುದು.

ವಾರಂಟಿ ಇರುವ ಹೊಸ ಕಾರಿನ ವೈರು ಕತ್ತರಿಸಿದರೆ ಮುಂದೆ ಕರೆಂಟಿನ ಯಾವ ದೋಷಕ್ಕೂ ಕಂಪನಿ ಬೆನ್ನು ತಿರುಗಿಸಬಹುದು. ಹವ್ಯಾಸಕ್ಕೆ ಹಳೆಯ ಕಾರೇ ಲೇಸು. ಹೊರಗಿನಿಂದ ಹಾಕಿದ ಎಲೆಕ್ಟ್ರಿಕಲ್ ಸಾಮಗ್ರಿಯನ್ನು ಇನ್ಶೂರೆನ್ಸಿನಲ್ಲಿ ಪ್ರತ್ಯೇಕವಾಗಿ ಸೇರಿಸಿದರೆ ಮಾತ್ರ ಅದಕ್ಕೆ ಪರಿಹಾರ ಕೇಳಬಹುದು.

ಎಲ್ಲಕ್ಕಿಂತ ದೊಡ್ಡದು ಕಣ್ಣು. ಓಡಿಸುವಾಗ ಫೋನನ್ನು ದಾರಿ ನೋಡಲು ಮಾತ್ರ, ಅದೂ ಚಾಲಕನ ಗಮನ ಕೆಡದಂತೆ ಬಳಸಬಹುದು ಎಂದು 2020ರ ಅಕ್ಟೋಬರಿನಿಂದ ಜಾರಿಗೆ ಬಂದ ನಿಯಮ ಹೇಳುತ್ತದೆ. ನಾವೇ ಮಾಡಿದ ಸ್ಕ್ರೀನಿಗೂ ಅದೇ ಅಳತೆ ಇಟ್ಟುಕೊಳ್ಳಬೇಕು. ಕಾರು ಚಲಿಸುವಾಗ ವಿಡಿಯೋ ತಾನಾಗಿ ನಿಲ್ಲುವಂತೆ ಪ್ರೋಗ್ರಾಂ ಬರೆಯುವುದು ಎರಡು ಸಾಲಿನ ಕೆಲಸ. ಆ ಎರಡು ಸಾಲು ಬರೆಯದವನಿಗೆ ಕಾರಿನ ಕೀ ಕೊಡಬಾರದು ಎಂದು ಮನೆಯವರು ಹೇಳಿದರೆ ಅದು ನ್ಯಾಯವೇ. ಮದುವೆ ದಿಬ್ಬಣದಲ್ಲಿ ಊರು ನಡುಗುವಂತೆ ಶಬ್ದ ಇಡಲು ಇದನ್ನು ಬಳಸುವುದಾದರೆ ಮಾಡದಿರುವುದೇ ಒಳ್ಳೆಯದು. ಅದು ಇಸ್ರಾಫ್ ಕೂಡ, ನೆರೆಯವರಿಗೆ ಉಪದ್ರವ ಕೂಡ.

ದುಡ್ಡಿಗಿಂತ ದೊಡ್ಡ ಲಾಭ

ಈ ಹವ್ಯಾಸಕ್ಕೆ ಹೋಗುವ ದುಡ್ಡು ಅಂಗಡಿಯ ದೊಡ್ಡ ಸೆಟ್ಟಿಗಿಂತ ಕಡಿಮೆಯಾಗುತ್ತದೆ ಎಂಬ ಭರವಸೆ ಇಲ್ಲ. ಕೆಲವೊಮ್ಮೆ ಹೆಚ್ಚೂ ಆದೀತು. ಕೈಗೆ ಸಿಗುವುದು ಬೇರೆ. ಮೀಟರ್ ಹಿಡಿಯಲು, ಬೆಸುಗೆ ಹಾಕಲು, ಪ್ರೋಗ್ರಾಂ ಬರೆಯಲು, ಕಾರಿನ ಕಂಪ್ಯೂಟರ್ ಹೇಳುವುದನ್ನು ಓದಲು ಬಂದ ಹುಡುಗ ಬಿಎಸ್-6 ಮತ್ತು ಎಲೆಕ್ಟ್ರಿಕ್ ವಾಹನದ ಕಾಲದಲ್ಲಿ ಎಲ್ಲಿ ಹೋದರೂ ಕೆಲಸಕ್ಕೆ ಬರುತ್ತಾನೆ. ಸುಳ್ಯದಲ್ಲಿ ಕೆ.ವಿ.ಜಿ. ಇಂಜಿನಿಯರಿಂಗ್ ಕಾಲೇಜು, ಪುತ್ತೂರಿನಲ್ಲಿ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜು ಮನೆಯಿಂದ ಬಸ್ಸಿನ ದೂರದಲ್ಲೇ ಇವೆ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ವೀಸಾ ಹುಡುಕುವ ಬದಲು, ಮೇಜಿನ ಮೇಲೆ ಒಂದು ವರ್ಷ ಆಡಿದವನಿಗೆ ಯಾವ ಕೋರ್ಸ್ ಬೇಕು ಎಂದು ಅವನಿಗೇ ತಿಳಿದಿರುತ್ತದೆ. ಗಲ್ಫಿಗೇ ಹೋದರೂ ಕೈಯಲ್ಲಿ ಕಸುಬು ಇಟ್ಟುಕೊಂಡು ಹೋಗುತ್ತಾನೆ.

ಶುರು ಮಾಡುವವರು ಎಲ್ಲಿಂದ ಮಾಡಬೇಕು? ಸ್ಪೀಡಿನಿಂದ. 2019ರ ಜುಲೈ ನಂತರ ತಯಾರಾದ ಕಾರುಗಳಲ್ಲಿ ಗಂಟೆಗೆ 80 ಕಿಲೋಮೀಟರ್ ದಾಟಿದರೆ ಆಗಾಗ ಬೀಪ್, 120 ದಾಟಿದರೆ ನಿಲ್ಲದ ಬೀಪ್ ಕಡ್ಡಾಯ. ಅದಕ್ಕಿಂತ ಹಳೆಯ ಬಹುಪಾಲು ಕಾರುಗಳಲ್ಲಿ ಅದಿಲ್ಲ, ನಮ್ಮ ಹುಡುಗರ ಕೈಯಲ್ಲಿ ಹೆಚ್ಚಾಗಿ ಇರುವುದು ಅವೇ. ಮಾಣಿ–ಮೈಸೂರು ಹೆದ್ದಾರಿಯ ತಿರುವುಗಳಲ್ಲಿ 80 ಎನ್ನುವುದೂ ಹೆಚ್ಚೇ. ಜಿಪಿಎಸ್ ಸ್ಪೀಡ್ ನೋಡಿ 60 ದಾಟಿದಾಗ ಎಚ್ಚರಿಸುವ ಪ್ರೋಗ್ರಾಂ ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಸುಲಭದ್ದು. ಬೀಪ್ ಬೇಕಾಗಿಲ್ಲ. ಫೋನಿನಲ್ಲಿ ಉಮ್ಮನ ದನಿ ರೆಕಾರ್ಡ್ ಮಾಡಿ ಅದಕ್ಕೆ ಜೋಡಿಸಿದರಾಯಿತು: "ಮೆಲ್ಲೆ ಪೋ ಮೋನೆ." ಬೀಪ್ ಸದ್ದನ್ನು ಆಫ್ ಮಾಡುವ ಹುಡುಗನ ಕೈ ಆ ದನಿಯನ್ನು ಆಫ್ ಮಾಡಲು ಸ್ವಲ್ಪ ಹಿಂಜರಿಯುತ್ತದೆ.